ಅವೆಯೋ, ಅವ್ರೆಯೋ?



ಕಾಲೇಜಿಗೆ ಬಂದ ಮೇಲೆ ನಮಗೆ ಸಿಕ್ಕ ದೊಡ್ಡ ಮಾತುಗಳಲ್ಲಿ ‘ಅಸ್ತಿತ್ವ’ವೂ ಒಂದು. ಭಾಷಣದಲ್ಲಿ ಬರುತ್ತದೆ, ಪರೀಕ್ಷೆಯಲ್ಲಿ ಬರುತ್ತದೆ, ನಮ್ಮ ಕರಪತ್ರಗಳಲ್ಲೂ ಬರುತ್ತದೆ. ಸಂಸ್ಕೃತದ ‘ಅಸ್ತಿ’ ಅಂದರೆ ‘ಇದೆ’; ಅದಕ್ಕೆ ‘ತ್ವ’ ಸೇರಿಸಿ ಈ ಮಾತು ಕಟ್ಟಿದ್ದಾರೆ. ಚಂದಕವಾಡಿ ಕಡೆಯ ನಮ್ಮ ಕೇರಿಗಳಲ್ಲಿ ಯಾವ ಅವ್ವನೂ ಈ ಮಾತು ಆಡಿದ್ದನ್ನು ನಾವು ಕೇಳಿಲ್ಲ. ಹಾಗಂತ ಅವಳಿಗೆ ಅರ್ಥ ಗೊತ್ತಿಲ್ಲವೆ? ‘ಮಗ ಅವ್ನಾ ಮನೇಲಿ?’ ಎಂದರೆ ‘ಅವ್ನೆ’ ಅನ್ನುತ್ತಾಳೆ. ‘ಹಿಟ್ಟು ಅದಾ?’ ಎಂದರೆ ‘ಅದೆ’ ಅನ್ನುತ್ತಾಳೆ. ಇಲ್ಲದ ದಿನ ಸುಮ್ಮನಾಗುತ್ತಾಳೆ.

ಇಲ್ಲೊಂದು ಸೂಕ್ಷ್ಮ ಇದೆ. ಕನ್ನಡದಲ್ಲಿ ಬರೀ ಇದ್ದರೆ ಸಾಲದು. ಮನುಷ್ಯರಾಗಿ ಇದ್ದೇವೋ, ವಸ್ತುವಾಗಿ ಇದ್ದೇವೋ ಎಂಬುದನ್ನು ಕ್ರಿಯಾಪದವೇ ಹೇಳಿಬಿಡುತ್ತದೆ. ಮನುಷ್ಯರಾದರೆ ‘ಇದ್ದಾರೆ’. ದನ, ಕುರಿ, ಮಡಕೆಯಾದರೆ ‘ಇವೆ’. ನಮ್ಮ ಕಡೆಯ ಬಾಯಿಮಾತಿನಲ್ಲಿ ‘ಅವ್ರೆ’ ಮತ್ತು ‘ಅವೆ’.

ಈಗ ನೆನಪು ಮಾಡಿಕೊಳ್ಳಿ. ಅರಿಶಿನ ಕೀಳುವ ಕಾಲಕ್ಕೆ ಜಮೀನಿನವರು ಕೇರಿ ಬಾಯಲ್ಲಿ ನಿಂತು ಏನು ಕೇಳುತ್ತಾರೆ? ‘ಆಳು ಎಷ್ಟು ಅವೆಲಾ?’ ನಮ್ಮ ಅಪ್ಪಂದಿರು ಏನು ಹೇಳುತ್ತಾರೆ? ‘ನಾಕು ಅವೆ ಬುದ್ಧಿ.’ ಕೇಳಿದವರದು ದರ್ಪ, ಹೇಳಿದ ನಮ್ಮದು ರೂಢಿ. ಆದರೆ ಎರಡು ನಾಲಗೆಯ ಮೇಲೂ ಬಂದ ಮಾತು ಒಂದೇ.

ಇದೆಲ್ಲ ಬರೀ ವ್ಯಾಕರಣ ಅನ್ನುವವರು ಹೆಗ್ಗೊಠಾರವನ್ನು ನೋಡಲಿ. 2022ರ ನವೆಂಬರಿನಲ್ಲಿ ನಮ್ಮದೇ ಚಾಮರಾಜನಗರ ತಾಲ್ಲೂಕಿನ ಆ ಊರಿಗೆ ಮದುವೆಗೆಂದು ಬಂದ ನಮ್ಮ ಹೆಣ್ಣುಮಗಳೊಬ್ಬಳು ಮೇಲ್ಜಾತಿಯವರ ಬೀದಿಯ ತೊಂಬೆಯಲ್ಲಿ ನೀರು ಕುಡಿದಳು. ತೊಂಬೆಯ ನೀರನ್ನೆಲ್ಲ ಹರಿಯಬಿಟ್ಟು ಗಂಜಲ ಹಾಕಿ ತೊಳೆದರು. ಅವಳು ಕುಡಿದದ್ದು ನಲ್ಲಿಯಿಂದ ಬಿದ್ದ ನೀರು. ಹಾಗಾದರೆ ತೊಳೆದದ್ದು ಏನನ್ನು? ಅವಳು ಅಲ್ಲಿ ಇದ್ದಳು ಎಂಬುದನ್ನು. ಅದೇ ನಲ್ಲಿಗೆ ದನವೊಂದು ಮೂತಿ ಇಟ್ಟಿದ್ದರೆ ತೊಂಬೆ ಖಾಲಿಯಾಗುತ್ತಿತ್ತೆ? ‘ಅವೆ’ಗಿಂತಲೂ ಕೆಳಗೊಂದು ಜಾಗ ನಮಗಾಗಿ ಇಟ್ಟಿದ್ದಾರೆ ಎಂದಾಯಿತು.

ಸುದ್ದಿಯಾದ ಮೇಲೆ ಅಧಿಕಾರಿಗಳು ಬಂದು, ನಮ್ಮವರನ್ನು ಕರೆದೊಯ್ದು ಊರಿನ ತೊಂಬೆಗಳಲ್ಲಿ ನೀರು ಕುಡಿಸಿದರು. ಒಳ್ಳೆಯದೇ. ಆದರೆ ಜೀಪು ಹೋದ ಮಾರನೆ ದಿನ ನಮ್ಮ ತಂಗಿಯೊಬ್ಬಳು ಒಬ್ಬಳೇ ಹೋಗಿ, ಕುಡಿದು, ಬಾಯಿ ಒರೆಸಿಕೊಂಡು ಬಂದರೆ ಅದು ಇರುವುದು.

ಮಹಾಡಿನ ಪುರಸಭೆ ತನ್ನ ಕೆರೆಯನ್ನು ಎಲ್ಲರಿಗೂ ತೆರೆದು 1924ರಲ್ಲೇ ಠರಾವು ಮಾಡಿತ್ತು. ಹಕ್ಕು ಕಾಗದದಲ್ಲಿತ್ತು, ಕೆರೆಯ ದಂಡೆಯಲ್ಲಿ ನಾವಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಹೋಗಿ ಆ ಚವದಾರ್ ಕೆರೆಯ ನೀರು ಕುಡಿದರು. ಅಲ್ಲಿಯೂ ಸಗಣಿ ಗಂಜಲ ಸುರಿದು ಶುದ್ಧ ಮಾಡಿದರು. ಆ ನೀರಿಲ್ಲದೆ ನಾವೇನೂ ಸಾಯುತ್ತಿರಲಿಲ್ಲ, ನಾವೂ ಮನುಷ್ಯರು ಎಂದು ಸಾರಲು ಹೋಗುತ್ತಿದ್ದೇವೆ ಎಂಬರ್ಥದ ಮಾತನ್ನು ಅವರು ಅದೇ ಡಿಸೆಂಬರಿನಲ್ಲಿ ಹೇಳಿದರು. 1927ಕ್ಕೂ 2022ಕ್ಕೂ ನಡುವೆ 95 ವರ್ಷ ಹೋಯಿತು. ಅಸ್ಪೃಶ್ಯತೆಯನ್ನು ತೆಗೆದುಹಾಕಿದ ಸಂವಿಧಾನದ 17ನೇ ವಿಧಿ ಬಂತು. ಗಂಜಲ ಮಾತ್ರ ಅದೇ.

ಹಾಸ್ಟೆಲಿನ ಹಾಜರಿ ಪುಸ್ತಕದಲ್ಲಿ ನಾವಿದ್ದೇವೆ. ಜಾತಿ ಸರ್ಟಿಫಿಕೇಟಿನಲ್ಲಿ ಇದ್ದೇವೆ. ಓಟಿನ ಪಟ್ಟಿಯಲ್ಲಿ ಇದ್ದೇವೆ. ಹಬ್ಬಕ್ಕೆ ಊರಿಗೆ ಹೋದಾಗ ಹೋಟೆಲಿನ ಒಳಗೆ, ನಲ್ಲಿಯ ಮುಂದೆ ಇದ್ದೇವಾ? ಇಲ್ಲಾ, ಬಸ್ಸಿಳಿದು ತಲೆ ತಗ್ಗಿಸಿ ಸೀದಾ ಕೇರಿಯ ದಾರಿ ಹಿಡಿಯುತ್ತೇವಾ? ಈ ಪ್ರಶ್ನೆ ಮೊದಲು ನಮಗೇ.

ದೊಡ್ಡ ಮಾತು ಭಾಷಣಕ್ಕಿರಲಿ. ಈ ಸಲ ರಜಕ್ಕೆ ಹೋದಾಗ ‘ಆಳು ಎಷ್ಟು ಅವೆ’ ಎಂದು ಯಾರಾದರೂ ಕೇಳಿದರೆ ಜಗಳ ಬೇಡ. ಅಪ್ಪನ ಪಕ್ಕದಲ್ಲಿ ನಿಂತು ನಿಧಾನವಾಗಿ ತಿದ್ದೋಣ: ‘ಅವೆ ಅಲ್ಲ, ಅವ್ರೆ. ನಾಕು ಜನ ಅವ್ರೆ. ಕೂಲಿ ಎಷ್ಟು ಕೊಡ್ತೀರಿ?’