ಬೆಂಕಿಯ ಬಾಯಿಗೊಂದು ಹದ

ಬೆಳಗಾದರೆ ಬೆಂಗಳೂರಿನ ಕುರುಬರಹಳ್ಳಿಯ ನಮ್ಮ ಬೀದಿಯಲ್ಲಿ ಹೂಕುಂಡಗಳಿಗೆ ನೀರು ಹಾಕುವವರು ಪೈಪಿನ ಬಾಯಿಗೆ ಹೆಬ್ಬೆರಳು ಒತ್ತುತ್ತಾರೆ. ಮೂಲೆಯ ಕುಂಡಕ್ಕೂ ನೀರು ಚಿಮ್ಮುತ್ತದೆ. ಬಾಯಿ ಕಿರಿದಾದರೆ ವೇಗ ಹೆಚ್ಚು ಎನ್ನುವುದು ಪುಸ್ತಕ ಓದದ ಬೆರಳಿಗೂ ಗೊತ್ತು.

ಆದರೆ ಗಾಳಿಯ ಓಟ ಶಬ್ದದ ವೇಗವನ್ನು ದಾಟಿತೋ, ಈ ನಿಯಮ ತಲೆಕೆಳಗಾಗುತ್ತದೆ. ಆಗ ದಾರಿ ಅಗಲವಾದಷ್ಟೂ ವೇಗ ಏರುತ್ತದೆ. ಹಿಗ್ಗುವ ಅನಿಲ ಅಷ್ಟು ಬೇಗ ತೆಳುವಾಗುತ್ತದೆ. ಹಿಂದಿನಷ್ಟೇ ಅನಿಲ ಸಾಗಿಹೋಗಲು ಜಾಗವೂ ಹೆಚ್ಚು ಬೇಕು, ವೇಗವೂ ಹೆಚ್ಚು ಬೇಕು. ಸ್ವೀಡನ್ನಿನ ಗುಸ್ತಾಫ್ ಡಿ ಲವಾಲ್ 1880ರ ದಶಕದ ಕೊನೆಗೆ ಉಗಿ ಟರ್ಬೈನಿಗೆಂದು ಮಾಡಿದ್ದು ಇಂಥ ನಳಿಕೆ: ಮೊದಲು ಕಿರಿದು, ಆಮೇಲೆ ಅಗಲ. ಇಂದಿನ ರಾಕೆಟ್ಟುಗಳ ನಾಜಲ್ ಅದರ ವಂಶದ್ದೇ.

2016ರ ಆಗಸ್ಟ್ 28ರಂದು ಇಸ್ರೋ ಶ್ರೀಹರಿಕೋಟಾದಲ್ಲಿ ಪರೀಕ್ಷಿಸಿದ ಸ್ಕ್ರಾಮ್‌ಜೆಟ್ ಎಂಜಿನ್ ಶಬ್ದದ ಸುಮಾರು ಆರು ಪಟ್ಟು ವೇಗದಲ್ಲಿ ಐದು ಸೆಕೆಂಡು ಉರಿಯಿತು. ಹೊರಗಿನ ಗಾಳಿಯನ್ನೇ ಒಳಗೆ ತೆಗೆದುಕೊಂಡು ಉರಿಯುವ ಇಂಥ ಎಂಜಿನ್ನಿನಲ್ಲಿ ಇಂಧನ ಉರಿಯುವ ಜಾಗದಲ್ಲೂ ಗಾಳಿ ಶಬ್ದಕ್ಕಿಂತ ವೇಗವಾಗಿಯೇ ಓಡುತ್ತಿರುತ್ತದೆ. ಹಾಗಾಗಿ ನಾಜಲ್‌ಗೆ ಕಿರಿದಾದ ಕೊರಳು ಬೇಡ, ಅಗಲವಾಗುತ್ತ ಹೋದರೆ ಸಾಕು. ಇಷ್ಟು ವೇಗದ, ಅಂದರೆ ಹೈಪರ್‌ಸಾನಿಕ್, ವಿಮಾನದ ಹಲವು ವಿನ್ಯಾಸಗಳಲ್ಲಿ ಹಿಂಬದಿಯ ಹೊಟ್ಟೆಯ ಇಳಿಜಾರೇ ನಾಜಲ್‌ನ ಒಂದು ಗೋಡೆ. ಎದುರಿನ ಗೋಡೆ ಬೇಗ ಮುಗಿದು ಬಯಲಾಗುತ್ತದೆ.

ಕಷ್ಟವಿರುವುದು ಲೆಕ್ಕದಲ್ಲಿ. ಗಾಳಿ ಒಳಗೆ ಬರುವುದೇ ಸೆಕೆಂಡಿಗೆ ಸುಮಾರು ಎರಡು ಕಿಲೋಮೀಟರ್ ವೇಗದಲ್ಲಿ. ಹೊರಹೋಗುವಾಗ ಅದಕ್ಕಿಂತ ತುಸು ಹೆಚ್ಚು ವೇಗ ಸಿಕ್ಕರೆ ಆ ವ್ಯತ್ಯಾಸವೇ ವಿಮಾನವನ್ನು ತಳ್ಳುವ ಬಲ. ದೊಡ್ಡ ವಹಿವಾಟಿನ ತೆಳ್ಳನೆಯ ಲಾಭ ಇದು. ನಾಜಲ್‌ನಲ್ಲಿ ನೂರಕ್ಕೆ ಒಂದು ಪಾಲು ಸೋರಿದರೂ ಲಾಭದಲ್ಲಿ ಹಲವು ಪಾಲು ಹೋಗುತ್ತದೆ. ನಾಜಲ್ ಮೊಟಕಾದರೆ ಅನಿಲ ಪೂರ್ತಿ ಹಿಗ್ಗುವ ಮೊದಲೇ ಹೊರಬಿದ್ದು ಒತ್ತಡ ವ್ಯರ್ಥ. ಉದ್ದವಾದರೆ ತೂಕ, ಘರ್ಷಣೆ, ಕಾವು. ಅವಸರವಾಗಿ ಅಗಲಿಸಿದರೆ, ಉರಿಯಲ್ಲಿ ಒಡೆದ ಅಣುಗಳು ಮತ್ತೆ ಕೂಡಿ ಶಾಖವನ್ನು ಹಿಂದಿರುಗಿಸಲು ವ್ಯವಧಾನವೇ ಇರುವುದಿಲ್ಲ.

ಎಲ್ಲಿ ನಿಲ್ಲಿಸಬೇಕು? ಇಷ್ಟೇ ಉದ್ದದಲ್ಲಿ ಅತಿ ಹೆಚ್ಚು ತಳ್ಳುವ ಬಾಗು ಯಾವುದೆಂದು 1958ರಲ್ಲಿ ಗಣಿತದಿಂದ ತೋರಿಸಿದವರು ಅಮೆರಿಕದಲ್ಲಿದ್ದ ಭಾರತೀಯ ಜಿ.ವಿ.ಆರ್. ರಾವ್. ಲೆಕ್ಕವನ್ನು ಪ್ರಯೋಗದಲ್ಲಿ ಒರೆಗೆ ಹಚ್ಚಲೂಬೇಕು. ನಮ್ಮಲ್ಲಿಂದ ಕೆಲವೇ ಕಿಲೋಮೀಟರ್ ಆಚೆ, ಭಾರತೀಯ ವಿಜ್ಞಾನ ಸಂಸ್ಥೆಯ ಆಘಾತ ಸುರಂಗದಲ್ಲಿ ಹೈಪರ್‌ಸಾನಿಕ್ ಗಾಳಿ ಬೀಸುವುದು ಸುಮಾರು ಒಂದು ಮಿಲಿಸೆಕೆಂಡು. ಅಷ್ಟರಲ್ಲೇ ಒತ್ತಡ, ಶಾಖ ಎಲ್ಲವನ್ನೂ ಅಳೆದುಕೊಳ್ಳಬೇಕು.

ಎಲ್ಲಿ ನಿಲ್ಲಿಸಬೇಕೆಂಬ ಅರಿವಿಗೆ ಕನ್ನಡದಲ್ಲಿ ಹಳೆಯ ಮಾತೊಂದಿದೆ: ಹದ. ಕಾಮಾಕ್ಷಿಪಾಳ್ಯದ ಲೇತ್ ಶೆಡ್ಡೊಂದರಲ್ಲಿ ಮೇಸ್ತ್ರಿಯೊಬ್ಬರು ಇಳಿಜಾರು ತೂತು ಕೊರೆಯುವುದನ್ನು ನೋಡುತ್ತ ನಿಂತಿದ್ದೆ. ಕೊನೆಯ ಸುತ್ತಿಗೆ ಕೂದಲೆಳೆಯಂಥ ಚೂರು ಸುರುಳಿಯಾಗಿ ಬಿತ್ತು. ಗೇಜ್ ಇಟ್ಟು ನೋಡಿದರು, ಬಲ್ಬಿಗೆ ಹಿಡಿದು ನೋಡಿದರು. “ಸಾಕು ಸಾರ್, ಇನ್ನು ಮುಟ್ಟಿದ್ರೆ ಕೆಡುತ್ತೆ” ಎಂದು ಯಂತ್ರ ನಿಲ್ಲಿಸಿದರು. ಬೆಂಕಿಯ ಬಾಯಿಯನ್ನು ರೂಪಿಸುವವರೂ ಹುಡುಕುತ್ತಿರುವುದು ಆ ‘ಸಾಕು’ ಎಂಬುದನ್ನೇ. ಅಳೆದ ಮೇಲಷ್ಟೇ ಆ ಮಾತಿಗೆ ಬೆಲೆ.