ಜವಳಿ ಮರಿಗೆ ಮೊದಲು ಗಬ್ಬದ ಕುರಿಗೆ ಮೇವು

ಮಹಾನವಮಿಯ ಸಮಯದಲ್ಲಿ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಗೊರವಯ್ಯನು ಬಿಲ್ಲನ್ನೇರಿ, ನೆರೆದ ಜನಸ್ತೋಮವನ್ನು ಒಂದೇ ಗರ್ಜನೆಯಿಂದ ನಿಶ್ಶಬ್ದಗೊಳಿಸಿ, ಮಾಲತೇಶನ ಹೆಸರಿನಲ್ಲಿ ನುಡಿಯುವ ಏಕವಾಕ್ಯದ ಕಾರಣಿಕವನ್ನು ಮಳೆಗೆ, ಬೆಳೆಗೆ, ರಾಜಕಾರಣಕ್ಕೆ ತಮತಮಗೆ ತೋಚಿದಂತೆ ಅನ್ವಯಿಸಿಕೊಳ್ಳುವವರು ನಾಡಿನಲ್ಲಿ ಬಹುಮಂದಿ ಇದ್ದಾರೆ. ಆದರೆ ಆ ಗೊರವಯ್ಯನ ಮೈಮೇಲಿನ ಕರಿಯ ಕಂಬಳಿ ಯಾವ ಕುರಿಯ ಉಣ್ಣೆಯದು, ಆ ಕುರಿಯ ಕುಲ ಈಗ ಯಾವ ಸ್ಥಿತಿಯಲ್ಲಿದೆ ಎಂದು ವಿಚಾರಿಸತಕ್ಕವರು ವಿರಳ. ಮಾಲತೇಶನ ಒಕ್ಕಲಿನಲ್ಲಿ ಕುರುಬರ ಪಾಲು ದೊಡ್ಡದು. ಗುಡ್ಡಕ್ಕೆ ನಡೆದುಬರುವ ಆ ಸಂಸಾರಗಳ ಅನ್ನವು ಇಂದಿಗೂ ಕುರಿಯ ಹಿಂಡಿನಿಂದಲೇ ಹುಟ್ಟುತ್ತದೆ. 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿಗಳಿದ್ದವು. ತೆಲಂಗಾಣ ಮತ್ತು ಆಂಧ್ರಗಳ ತರುವಾಯ ದೇಶದಲ್ಲಿ ನಮ್ಮದೇ ಸ್ಥಾನ. ಇಷ್ಟು ದೊಡ್ಡ ಸಂಪತ್ತಿನ ವಿಷಯದಲ್ಲಿ ವಿಜ್ಞಾನವು ಏನು ಮಾಡಿದೆ, ಏನು ಮಾಡಬೇಕಾಗಿತ್ತು ಎಂಬುದನ್ನು ಗುಡ್ಡದ ಸುತ್ತಲಿನ ಸೀಮೆಯನ್ನು ಕಣ್ಣೆದುರಿಗಿಟ್ಟುಕೊಂಡು ಯೋಚಿಸುವುದು ಅಪ್ರಸ್ತುತವಾಗಲಾರದು.

ಆ ಕಂಬಳಿಯ ಮೂಲ ದಖ್ಖನಿ ಕುರಿ. ಹೆಚ್ಚಾಗಿ ಕಪ್ಪು ಬಣ್ಣ, ಒರಟು ಉಣ್ಣೆ, ಕಲ್ಲುಮುಳ್ಳಿನ ಹಾದಿಯಲ್ಲಿ ದಿನವೆಲ್ಲ ನಡೆದರೂ ಬಳಲದ ಕಾಲು, ಬೇಸಗೆಯ ಒಣ ಹುಲ್ಲಿನಲ್ಲಿಯೂ ಪ್ರಾಣ ಹಿಡಿದಿಟ್ಟುಕೊಳ್ಳುವ ಹೊಟ್ಟೆ ಇವು ಅದರ ಲಕ್ಷಣಗಳು. ಇದೇ ತಾಲ್ಲೂಕಿನ ಮೆಡ್ಲೇರಿಯ ನೇಕಾರರು ಆ ಒರಟು ಉಣ್ಣೆಯನ್ನೇ ನೂತು, ಹುಣಸೆಬೀಜದ ಸರಿ ಹಚ್ಚಿ ನೇಯ್ದ ಕಂಬಳಿಗಳು ಮಳೆಯನ್ನು ತಡೆದಿವೆ, ಬಾಣಂತಿಯನ್ನು ಬೆಚ್ಚಗಿಟ್ಟಿವೆ, ದೇವರಿಗೆ ಗದ್ದುಗೆಯಾಗಿವೆ. ಆದರೆ ಉಣ್ಣೆಯ ಬೆಲೆ ಕುಸಿದು, ಕತ್ತರಿಸುವವನ ಕೂಲಿಯೂ ಅದರಿಂದ ಹುಟ್ಟದಂತಾದ ಮೇಲೆ, ಮಾಂಸಕ್ಕಾಗಿ ಹೊರಗಿನ ಎತ್ತರದ ಟಗರುಗಳನ್ನು ಹಿಂಡಿಗೆ ಬಿಡುವ ರೂಢಿ ಬೆಳೆಯಿತು. ಶುದ್ಧ ದಖ್ಖನಿಯನ್ನು ಈಗ ಹುಡುಕಿ ನೋಡಬೇಕು. ಕುರಿಗಾಹಿಯನ್ನು ಇದಕ್ಕಾಗಿ ದೂಷಿಸುವುದು ನ್ಯಾಯವಲ್ಲ. ಸಂತೆಯಲ್ಲಿ ಟಗರಿನ ಬೆನ್ನನ್ನು ಕೈಯಿಂದ ಒತ್ತಿ ನೋಡುವ ವ್ಯಾಪಾರಿ ಉಣ್ಣೆಗೆ ಒಂದು ಕಾಸನ್ನೂ ಹೆಚ್ಚಾಗಿ ಕೊಡುವುದಿಲ್ಲ.

ತಳಿಯನ್ನು ತಿದ್ದುವ ಆಸೆ ಸರ್ಕಾರಗಳಿಗೂ ಹೊಸದಲ್ಲ. ಕಮಿಷನರ್ ಮಾರ್ಕ್ ಕಬ್ಬನ್ನನ ಆಡಳಿತಕಾಲದಲ್ಲಿಯೇ ಮೈಸೂರು ಸೀಮೆಗೆ ಮೆರಿನೋ ಟಗರುಗಳು ಬಂದಿದ್ದವು. ಸ್ವಾತಂತ್ರ್ಯಾನಂತರ ರಾಂಬುಲೆ ಮೊದಲಾದ ವಿದೇಶೀ ತಳಿಗಳನ್ನು ದಖ್ಖನಿಯೊಡನೆ ಬೆರೆಸುವ ಪ್ರಯೋಗಗಳು ದಖ್ಖನ್ ಪ್ರಸ್ಥಭೂಮಿಯ ಹಲವು ಕ್ಷೇತ್ರಗಳಲ್ಲಿ ನಡೆದುವು. ಉಣ್ಣೆ ನಯವಾಯಿತೆಂಬುದು ನಿಜ. ಆದರೆ ಮೆಡ್ಲೇರಿಯ ಮಗ್ಗಕ್ಕೆ ನಯವಾದ ಬಿಳಿಯ ಉಣ್ಣೆ ಬೇಕಾಗಿರಲಿಲ್ಲ, ಮತ್ತು ಆ ಸಂಕರದ ಮರಿಗಳಿಗೆ ಬೇಕಾಗಿದ್ದ ಮೇವು ಬಯಲುಸೀಮೆಯ ಕಾವಲಿನಲ್ಲಿ ಇರಲಿಲ್ಲ. ಪ್ರಾಣಿಯು ಏನನ್ನು ಕೊಡಬಲ್ಲುದೆಂದು ಕೇಳಿದಷ್ಟು ಆಸ್ಥೆಯಿಂದ ಅದು ಏನನ್ನು ತಿನ್ನಬಲ್ಲುದೆಂದು ಕೇಳದೆ ಹೋದುದೇ ಅಲ್ಲಿಯ ದೋಷವೆಂದು ನನ್ನ ಅಭಿಪ್ರಾಯ.

ಈಗಿನ ಪ್ರಯೋಗ ಅದಕ್ಕಿಂತ ಬಹಳ ಸೂಕ್ಷ್ಮವಾದುದು. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಫಲ್ಟಣದಲ್ಲಿ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯವರು ಬಂಗಾಳದ ಸುಂದರಬನದ ಗರೋಲ್ ಎಂಬ ಚಿಕ್ಕ ಕುರಿಯಿಂದ ಅವಳಿ ಮರಿಗಳಿಗೆ ಕಾರಣವಾದ ಒಂದು ಜೀನನ್ನು ದಖ್ಖನಿ ಕುರಿಗೆ ತಂದು, ‘ನಾರಿ ಸುವರ್ಣ’ ಎಂಬ ಹೆಸರಿನ ತಳಿಯನ್ನು ರೂಪಿಸಿದರು. ಅದು ಕರ್ನಾಟಕದ ಹಟ್ಟಿಗಳಿಗೂ ಬಂದಿದೆ. ಆ ಜೀನಿನ ಇತಿಹಾಸವೇ ಒಂದು ಕಥೆ. ಹದಿನೆಂಟನೆಯ ಶತಮಾನದ ಅಂತ್ಯದಲ್ಲಿ ಕಲ್ಕತ್ತೆಯಿಂದ ಹಡಗನ್ನೇರಿ ಆಸ್ಟ್ರೇಲಿಯಕ್ಕೆ ಹೋದ ಬಂಗಾಳದ ಕುರಿಗಳ ರಕ್ತವು ಅಲ್ಲಿಯ ಮೆರಿನೋ ಹಿಂಡುಗಳಲ್ಲಿ ಬೆರೆತು, ಬೂರೂಲಾ ಎಂಬ ಕ್ಷೇತ್ರದ ಕುರಿಗಳು ಎರಡು ಮೂರು ಮರಿ ಹಾಕುವುದಕ್ಕೆ ಪ್ರಸಿದ್ಧವಾದುವು. 2001ರಲ್ಲಿ ವಿಜ್ಞಾನಿಗಳು ಅದರ ಮೂಲವನ್ನು ಶೋಧಿಸಿದಾಗ, ಅಂಡಾಶಯದ ಕಾರ್ಯಕ್ಕೆ ಸಂಬಂಧಿಸಿದ ಒಂದು ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುವುದೇ ಇಷ್ಟಕ್ಕೆಲ್ಲ ಕಾರಣವೆಂದು ತಿಳಿದುಬಂದಿತು. ಒಂದು ಹನಿ ರಕ್ತವನ್ನು ಪರೀಕ್ಷಿಸಿ, ಈ ಟಗರಿನಲ್ಲಿ ಆ ಜೀನು ಇದೆಯೇ ಇಲ್ಲವೇ ಎಂದು ಈಗ ಹೇಳಬಹುದು. ಫಲ್ಟಣದವರು ತಮ್ಮ ಕ್ಷೇತ್ರದ ಬೇಲಿಯೊಳಗೆ ನಿಲ್ಲದೆ ಕುರಿಗಾಹಿಗಳ ಹಿಂಡಿನಲ್ಲಿಯೇ ಲೆಕ್ಕವಿಟ್ಟರು. ತಂದೆತಾಯಿ ಎರಡೂ ಕಡೆಯಿಂದ ಬಂದ ಜೀನಿಗಿಂತ ಒಂದೇ ಕಡೆಯಿಂದ ಬಂದದ್ದು ಹಟ್ಟಿಗೆ ಮೇಲೆಂದು ಕಂಡುಕೊಂಡರು. ಇದು ಪ್ರಶಂಸನೀಯವಾದ ಕಾರ್ಯ; ನನ್ನ ಆಕ್ಷೇಪಣೆ ಅವರ ಮೇಲಲ್ಲ, ‘ಒಂದಿದ್ದಲ್ಲಿ ಎರಡು ಮರಿ’ ಎಂಬ ಘೋಷಣೆಯನ್ನು ಮಾತ್ರ ಕೇಳಿಸಿಕೊಂಡು ಉಳಿದದ್ದನ್ನು ಕೇಳಿಸಿಕೊಳ್ಳದೆ ಹೋಗುವ ನಮ್ಮ ಉತ್ಸಾಹದ ಮೇಲೆ.

ಉಳಿದದ್ದು ಇಷ್ಟು. ಕುರಿಯ ಗರ್ಭಾವಧಿ ಸುಮಾರು 150 ದಿನ. ಹೊಟ್ಟೆಯ ಮರಿಯ ತೂಕದಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಕೊನೆಯ ಆರು ವಾರಗಳಲ್ಲಿ ಕೂಡುತ್ತದೆ. ಆ ಕಾಲದಲ್ಲಿ ಬೆಳೆಯುವ ಗರ್ಭವು ಹೊಟ್ಟೆಯ ಜಾಗವನ್ನು ಆಕ್ರಮಿಸುವುದರಿಂದ ತಾಯಿಗೆ ಹೆಚ್ಚು ಮೇಯಲು ಸಾಧ್ಯವಿಲ್ಲ, ಬೇಕಾದದ್ದು ಮಾತ್ರ ಹೆಚ್ಚು. ಫಾಲ್ಗುಣದಲ್ಲಿ ಟಗರು ಕೂಡಿದ ಕುರಿ ಶ್ರಾವಣದಲ್ಲಿ ಈಯುತ್ತದೆ; ಎಂದರೆ ಅದರ ಕೊನೆಯ ಆರು ವಾರ ಬೀಳುವುದು ಹೊಲವೆಲ್ಲ ಬಿತ್ತನೆಯಾಗಿ, ಹಿಂಡಿಗೆ ಕಾಲಿಡಲು ಜಾಗವಿಲ್ಲದ ಆಷಾಢದ ಸುತ್ತ. ಒಂದು ಮರಿಯಾದರೆ ಹೇಗೋ ತಾಯಿ ತನ್ನ ಮೈಯ ಕೊಬ್ಬನ್ನು ಕರಗಿಸಿ ಸಾಕುತ್ತದೆ. ಜವಳಿಯಾದಾಗ ಆ ಕೊಬ್ಬೇ ಯಕೃತ್ತಿಗೆ ಭಾರವಾಗಿ, ರಕ್ತದಲ್ಲಿ ಕೀಟೋನ್ ಎಂಬ ವಸ್ತುಗಳು ತುಂಬಿ, ಕುರಿ ಹಿಂಡಿನಿಂದ ಹಿಂದುಳಿದು ನಿಲ್ಲುತ್ತದೆ, ಕಣ್ಣಿದ್ದೂ ಕಾಣದಂತೆ ಬೇಲಿಗೆ ತಲೆಯೊತ್ತುತ್ತದೆ, ಹಲ್ಲು ಕಡಿಯುತ್ತದೆ, ಒಮ್ಮೆ ಕುಸಿದು ಕುಳಿತರೆ ಏಳುವುದು ದುರ್ಲಭ. ಹೇಗೋ ಈದರೂ ಮೊದಲ ಕೆಲವು ಗಂಟೆಗಳಲ್ಲಿ ಗಿಣ್ಣುಹಾಲು ಎರಡಕ್ಕೂ ಸಾಲದೆ, ಎರಡರಲ್ಲಿ ಬಡಕಲಾದದ್ದು ಮಳೆಯ ಚಳಿಗೆ ಹೋಗಿಬಿಡುತ್ತದೆ. ಆಗ ಕುರಿಗಾಹಿಯ ಲೆಕ್ಕದಲ್ಲಿ ಎರಡು ಮರಿ ಒಂದಕ್ಕಿಂತಲೂ ಕಡಿಮೆ.

ಮೇಯುವ ನೆಲದ ಸ್ಥಿತಿಯನ್ನು ಬಿಟ್ಟು ಈ ಮಾತನ್ನು ಮುಗಿಸುವಂತಿಲ್ಲ. 1974ರಲ್ಲಿ ಘೋಷಿತವಾದ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ 119 ಚದರ ಕಿಲೋಮೀಟರಿನಲ್ಲಿ ಹೆಚ್ಚಿನ ಭಾಗವನ್ನು ನೀಲಗಿರಿ ನೆಡುತೋಪುಗಳು ಆವರಿಸಿವೆ. ಹುಲ್ಲನ್ನು ನಂಬಿದ ಚಿಗರೆಗೂ ಅದರಿಂದ ಹಿತವಾಗಲಿಲ್ಲ, ಕುರಿಗೂ ಆಗಲಿಲ್ಲ. ಇತ್ತ ಹೊಲಗಳಲ್ಲಿ ಜೋಳ, ನವಣೆಗಳ ಸ್ಥಾನವನ್ನು ಗೋವಿನಜೋಳವು ಬಹುಮಟ್ಟಿಗೆ ಆಕ್ರಮಿಸಿದೆ. ಸುಗ್ಗಿ ಮುಗಿದ ಕೂಡಲೇ ಗೊಬ್ಬರದ ಆಸೆಯಿಂದ ಹೊಲದೊಡೆಯನು ಹಿಂಡನ್ನು ಕರೆದು ಕುರಿ ನಿಲ್ಲಿಸಿಕೊಳ್ಳುತ್ತಾನೆ. ಹಸಿದ ಕುರಿ ಉದುರಿದ ತೆನೆಗಳಿಗೆ ಬಾಯಿ ಹಾಕಿ ಕಾಳನ್ನು ಹೊಟ್ಟೆ ತುಂಬ ತಿನ್ನುತ್ತದೆ. ಮೆಲುಕುಚೀಲದ ಸೂಕ್ಷ್ಮಜೀವಿಗಳು ನಾರಿಗೆ ಒಗ್ಗಿದವು. ಪಿಷ್ಟದ ಪ್ರವಾಹ ಬಂದಾಗ ಲ್ಯಾಕ್ಟಿಕ್ ಆಮ್ಲ ಹುಟ್ಟಿಸುವ ಜಾತಿಗಳು ಮೇಲುಗೈಯಾಗಿ, ರಾತ್ರಿಯೊಳಗೆ ಹೊಟ್ಟೆ ಹುಳಿಯಾಗಿ, ಬೆಳಗಾಗುವುದರಲ್ಲಿ ಉಬ್ಬಿದ ಹೊಟ್ಟೆಯ ಕುರಿಗಳು ಮಲಗಿದಲ್ಲಿಯೇ ಇರುತ್ತವೆ. ಮೊದಲು ಕಣಿಕೆಯನ್ನೋ ಒಣಹುಲ್ಲನ್ನೋ ಹೊಟ್ಟೆಗಿಟ್ಟು, ಹೊಲದಲ್ಲಿ ಬಿದ್ದ ತೆನೆಗಳನ್ನು ಆರಿಸಿ, ಮೊದಲ ದಿನಗಳಲ್ಲಿ ಸ್ವಲ್ಪ ಹೊತ್ತು ಮಾತ್ರ ಬಿಟ್ಟರೆ ಇದು ತಪ್ಪುತ್ತದೆ. ಈ ಮಾತನ್ನು ಪ್ರತಿ ಹಟ್ಟಿಗೂ ಮುಟ್ಟಿಸುವುದಕ್ಕೆ ಹೊಸ ಜೀನೇನೂ ಬೇಡ, ಸುಗ್ಗಿಗೆ ಮುಂಚೆ ನಾಲ್ಕು ಊರು ತಿರುಗುವ ಮನುಷ್ಯನೊಬ್ಬ ಬೇಕು.

ಪೋಷಣೆಯ ಶಾಸ್ತ್ರದಲ್ಲಿ ನಾವು ಬಡವರೇನಲ್ಲ. ಬೆಂಗಳೂರಿನ ಆಡುಗೋಡಿಯಲ್ಲಿ 1995ರಿಂದ ರಾಷ್ಟ್ರೀಯ ಪ್ರಾಣಿ ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯಿದೆ. ಯಾವ ಸೀಮೆಯ ಮೇವಿನಲ್ಲಿ ಯಾವ ಖನಿಜದ ಕೊರತೆಯಿದೆಯೆಂದು ಅಳೆದು, ಸೀಮೆಗೆ ತಕ್ಕ ಖನಿಜಮಿಶ್ರಣ ಕೊಡತಕ್ಕದ್ದೆಂದು ಅಲ್ಲಿಯವರು ಹೇಳುತ್ತ ಬಂದಿದ್ದಾರೆ. ದನಕ್ಕೆ ಮಾಡಿದ ಮಿಶ್ರಣವನ್ನು ಕುರಿಗೆ ಮುಕ್ಕಿಸಿದರೆ ಅದರೊಳಗಿನ ತಾಮ್ರವೇ ವಿಷವಾದೀತು, ಏಕೆಂದರೆ ತಾಮ್ರವನ್ನು ಸಹಿಸುವ ಶಕ್ತಿ ಕುರಿಗೆ ಬಹಳ ಕಡಿಮೆ. ಅಂಗಡಿಯವನು ಇದನ್ನು ಹೇಳುವುದಿಲ್ಲ. ಟ್ಯಾನಿನ್ ಇರುವ ಸೊಪ್ಪು ಕಾಯಿಗಳು ಮೆಲುಕುಚೀಲದ ಮೀಥೇನನ್ನು ತಗ್ಗಿಸುವ ಬಗೆಯನ್ನೂ ಅವರು ಪರೀಕ್ಷಿಸಿದ್ದಾರೆ. ದೇವರಗುಡ್ಡದ ಕುರಿಗಾಹಿಯು ಬೇಸಗೆಯಲ್ಲಿ ಉದ್ದ ಕೋಲಿನಿಂದ ಜಾಲಿಕಾಯಿ ಉದುರಿಸುವಾಗ ಮೀಥೇನಿನ ಚಿಂತೆ ಮಾಡುವುದಿಲ್ಲವಾದರೂ, ಟ್ಯಾನಿನ್ ತುಂಬಿದ ಆ ಕಾಯಿಯ ಗುಣವನ್ನೂ, ಅತಿಯಾದರೆ ಆಗುವ ತೊಂದರೆಯನ್ನೂ ಬಲ್ಲ. ಧಾರವಾಡದಲ್ಲಿ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಕೇಂದ್ರ, ಇದೇ ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ, ಪಕ್ಕದ ಗುತ್ತಲದಲ್ಲಿ ಕುರಿ ಸಂವರ್ಧನಾ ಕ್ಷೇತ್ರ, ಬೀದರಿನಲ್ಲಿ ಪಶುವಿಶ್ವವಿದ್ಯಾಲಯ, ಇವೆಲ್ಲವೂ ಇವೆ. ಆದರೆ ಹಿಂಡು ನಡೆಯುತ್ತದೆ, ಸಂಸ್ಥೆಗಳು ಕುಳಿತಿವೆ.

ಕುರಿಗಾಹಿಗೆ ಅಕ್ಷರ ಬಾರದು, ಅವನಿಂದ ದಾಖಲೆ ಇಡಿಸುವುದು ಹೇಗೆ ಎಂದು ಕೇಳುವ ಅಧಿಕಾರಿಗಳಿದ್ದಾರೆ. ನೂರು ಕುರಿಗಳಲ್ಲಿ ಯಾವ ಮರಿ ಯಾವ ತಾಯಿಯದು, ಆ ತಾಯಿ ಕಳೆದ ಬರಗಾಲದಲ್ಲಿ ಹಾಲು ಬತ್ತಿಸಿಕೊಂಡಿತೋ ಇಲ್ಲವೋ ಎಂದು ಮುಖ ನೋಡಿ ಹೇಳುವ ಜನರಿಗೆ ಕಿವಿಯೋಲೆಯ ಸಂಖ್ಯೆ ಕಲಿಸುವುದು ಕಷ್ಟವಲ್ಲ. ಬರೆದುಕೊಳ್ಳಲು ತಿಂಗಳಿಗೊಮ್ಮೆ ಹಟ್ಟಿಗೆ ಹೋಗುವ ಪದವೀಧರ ಸಿಕ್ಕುವುದೇ ಕಷ್ಟ. ಹಿಂಡಿನಲ್ಲಿಯೇ ಹುಟ್ಟಿದ ಟಗರನ್ನು ವರ್ಷಗಟ್ಟಲೆ ಅದೇ ಹಿಂಡಿನ ಮೇಲೆ ಬಿಡುವುದರಿಂದ ರಕ್ತ ಹತ್ತಿರವಾಗಿ ಮರಿಗಳು ಕುಗ್ಗುತ್ತವೆ. ಜಾತ್ರೆಗೆ ಬಂದ ಕುರುಬ ಕುಟುಂಬಗಳ ನಡುವೆ, ತಾಯಿಯ ಲೆಕ್ಕ ನೋಡಿ ಆರಿಸಿದ ಸ್ಥಳೀಯ ಟಗರುಗಳ ವಿನಿಮಯಕ್ಕೆ ಗುತ್ತಲದ ಕ್ಷೇತ್ರವು ಮಧ್ಯಸ್ಥವಾದರೆ ಅದೇ ತಳಿಸಂವರ್ಧನೆ. ಅವಳಿ ಜೀನಿನ ಟಗರನ್ನು, ಗಬ್ಬದ ಕೊನೆಯ ಆರು ವಾರ ಕಾಳು, ಹಿಂಡಿ, ಹಸಿ ಮೇವು ಒದಗಿಸಬಲ್ಲ ಹಟ್ಟಿಗೆ ಕೊಡಲಿ. ನಡೆಯುವ ಹಿಂಡಿಗೆ ಮೊದಲು ಮೇವು ಕೊಟ್ಟು ಆಮೇಲೆ ಕೊಡಲಿ. ಸತ್ತ ಕುರಿಗೆ ಪರಿಹಾರ ಕೊಡುವ ‘ಅನುಗ್ರಹ’ ಎಂಬ ಯೋಜನೆ ನಮ್ಮಲ್ಲಿದೆ, ಒಳ್ಳೆಯದೇ. ಆ ಹಣದ ಒಂದಂಶವನ್ನು ಬದುಕಿರುವ ಗಬ್ಬದ ಕುರಿಯ ಆಷಾಢದ ಮೇವಿಗೆ ಮೀಸಲಿಟ್ಟರೆ ಪರಿಹಾರ ಬೇಡುವವರೇ ಕಡಿಮೆಯಾದಾರು. ಕಾವಲಿನ ನೀಲಗಿರಿ ಕಡಿದಲ್ಲೆಲ್ಲ ಮತ್ತೆ ನೀಲಗಿರಿಯನ್ನೇ ನೆಡದೆ ಧಾರವಾಡದ ಕೇಂದ್ರದಿಂದ ಹುಲ್ಲಿನ ಬೀಜ ತರಲಿ.

ತಳಿ ಸುಧಾರಣೆಯ ವರದಿಗಳಲ್ಲಿ ನೂರು ಕುರಿಗೆ ಹುಟ್ಟಿದ ಮರಿಗಳ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಅಚ್ಚುಮಾಡುವ ಪದ್ಧತಿಯಿದೆ. ಅದರ ಪಕ್ಕದಲ್ಲಿ, ಮೂರು ತಿಂಗಳು ತುಂಬಿದ ದಿನ ಬದುಕಿದ್ದ ಮರಿಗಳ ಒಟ್ಟು ತೂಕವನ್ನೂ, ಅವುಗಳ ತಾಯಂದಿರಲ್ಲಿ ಎಷ್ಟು ಉಳಿದುವೆಂಬುದನ್ನೂ ಬರೆಯತಕ್ಕದ್ದೆಂದು ಇಲಾಖೆಯು ಕಡ್ಡಾಯ ಮಾಡಲಿ. ಈ ಎರಡು ಅಂಕೆಗಳಿಲ್ಲದ ಯಾವ ವರದಿಯನ್ನೂ ಒಪ್ಪಿಕೊಳ್ಳಬಾರದು.