ಅಕ್ಷರ ಚಲಿಸಲಿ, ಅರ್ಥ ಚೆದುರದಿರಲಿ

ವ್ಯಾಪಾರದಲ್ಲಿ ಹೆಸರೇ ಮೊದಲ ಬಂಡವಾಳ. ಹಿಂದೆ ಆ ಹೆಸರನ್ನು ಫಲಕದ ಮೇಲೆ ಬಣ್ಣದಲ್ಲಿ ಬರೆಸಿ, ವರ್ಷಕ್ಕೊಮ್ಮೆ ಕರಪತ್ರ ಹಂಚಿದರೆ ಸಾಕಾಗುತ್ತಿತ್ತು. ಇಂದು ಅದೇ ಹೆಸರು ಕೇಬಲ್ ವಾಹಿನಿಯಲ್ಲಿ, ಅಂಗಡಿಯೆದುರಿನ ಎಲ್‌ಇಡಿ ಪರದೆಯಲ್ಲಿ, ಗ್ರಾಹಕರ ಮೊಬೈಲಿನಲ್ಲಿ ಚಲಿಸುತ್ತಾ ಬರುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಬಟ್ಟೆ, ಚಿನ್ನ, ಪೀಠೋಪಕರಣ ವ್ಯಾಪಾರಿಗಳು ಇಂತಹ ಅಕ್ಷರಚಲನೆಯ ಜಾಹೀರಾತುಗಳಿಗೆ ಹಣ ವ್ಯಯಿಸುತ್ತಿರುವುದನ್ನು ಲೆಕ್ಕಪುಸ್ತಕಗಳಲ್ಲಿ ಕಾಣುತ್ತಿದ್ದೇನೆ. ಆ ಹಣಕ್ಕೆ ತಕ್ಕ ಪ್ರತಿಫಲ ದೊರೆಯುತ್ತಿದೆಯೇ ಎಂಬುದೇ ನನ್ನ ಪ್ರಶ್ನೆ.

ನನ್ನದೇ ಒಂದು ಲೋಪವನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನನ್ನ ಕಕ್ಷಿದಾರರಾದ ಬಟ್ಟೆ ವ್ಯಾಪಾರಿಯೊಬ್ಬರು ರಿಯಾಯಿತಿ ಮಾರಾಟಕ್ಕಾಗಿ ಹತ್ತು ಸೆಕೆಂಡುಗಳ ಪ್ರಚಾರಚಿತ್ರವೊಂದನ್ನು ಮಾಡಿಸಿದ್ದರು. ಅಂಗಡಿಯ ಹೆಸರಿನ ಮೊದಲಿನ 'ಶ್ರೀ' ಒಡೆದು ಅರ್ಧಾಕ್ಷರವೊಂದು ಬೇರೆಯಾಗಿ ಹಾರಾಡುತ್ತಿತ್ತು. ಮಾರಾಟದ ಕೊನೆಯ ದಿನಾಂಕ ಕಣ್ಣು ಮಿಟುಕಿಸುವಷ್ಟರಲ್ಲಿ ಮರೆಯಾಗುತ್ತಿತ್ತು. ಅವಧಿ ಮುಗಿದ ಬಳಿಕ ಬಂದ ಗ್ರಾಹಕರು ರಿಯಾಯಿತಿಗಾಗಿ ವಾದಿಸಿದರು. ಬೇಸರದಿಂದ ಹಿಂದಿರುಗಿದವರಲ್ಲಿ ಹಳೆಯ ಗಿರಾಕಿಗಳೂ ಇದ್ದರು. ವರ್ಷಾಂತ್ಯದಲ್ಲಿ ನಾನು ಬಿಲ್ಲನ್ನು ನೋಡಿದೆ, ತೆರಿಗೆಯನ್ನು ತಾಳೆ ನೋಡಿದೆ. ಜಾಹೀರಾತನ್ನು ಮಾತ್ರ ನೋಡಲಿಲ್ಲ. ಆ ಬಳಿಕವೇ ಈ ವಿಷಯವನ್ನು ಅರಿಯಲು ತೊಡಗಿದೆ.

ಇದರ ಮೂಲತತ್ತ್ವ ಸರಳವಾದುದು. ದೂರದರ್ಶನದ ಒಂದು ಸೆಕೆಂಡಿನಲ್ಲಿ 25 ಚಿತ್ರಗಳು ಸಾಗುತ್ತವೆ. ಪದವು ಮೊದಲ ಚಿತ್ರದಲ್ಲಿ ಪರದೆಯ ಕೆಳಗೆ, 25ನೆಯದರಲ್ಲಿ ನಡುವೆ ಇರಲೆಂದು ಎರಡು ಗುರುತುಗಳನ್ನು ನಾವು ಹಾಕಿದರೆ, ನಡುವಿನ 23 ಚಿತ್ರಗಳನ್ನು ತಂತ್ರಾಂಶವೇ ತುಂಬುತ್ತದೆ. ಈ ಗುರುತುಗಳಿಗೆ ಕೀಫ್ರೇಮ್ ಎಂದು ಹೆಸರು. ಸ್ಥಾನ, ಗಾತ್ರ, ಪಾರದರ್ಶಕತೆ ಈ ಮೂರನ್ನು ಬದಲಿಸಲು ತಿಳಿದರೆ ಅಂಗಡಿಯ ಪ್ರಕಟಣೆಗೆ ಬೇಕಾದುದೆಲ್ಲವೂ ಬಹುಮಟ್ಟಿಗೆ ಬಂದಂತೆಯೇ.

ತೊಡಕಿರುವುದು ನಮ್ಮ ಲಿಪಿಯ ವಿಷಯದಲ್ಲಿ. ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರವನ್ನು ಉದುರಿಸುವ ಸಿದ್ಧ ಮಾದರಿಗಳು ಹೇರಳವಾಗಿವೆ. ಅವನ್ನೇ ಕನ್ನಡಕ್ಕೆ ಅನ್ವಯಿಸಿದಾಗ ಎಡವಟ್ಟಾಗುತ್ತದೆ. 'ಬ್ರಹ್ಮಾವರ' ಎಂಬಲ್ಲಿ ನಾವು ಕಾಣುವ ಅಕ್ಷರಗಳು ನಾಲ್ಕು. ಯೂನಿಕೋಡ್ ಪದ್ಧತಿಯಲ್ಲಿ ಗಣಕವು ದಾಖಲಿಸುವ ಸಂಕೇತಗಳು ಒಂಬತ್ತು. 'ಬೈಂದೂರು' ನಮಗೆ ಮೂರು, ಗಣಕಕ್ಕೆ ಏಳು. 'ಕುಂದಾಪುರ' ನಮಗೆ ನಾಲ್ಕು, ಗಣಕಕ್ಕೆ ಎಂಟು. ತಂತ್ರಾಂಶವು ಸಂಕೇತಕ್ಕೊಂದರಂತೆ ಚಲನೆ ನೀಡಿದರೆ ಗುಣಿತ ಕಳಚುತ್ತದೆ, ಒತ್ತು ಬೇರೆಯಾಗುತ್ತದೆ. ಮುದ್ರಣಾಲಯಗಳಲ್ಲಿ ರೂಢಿಯಲ್ಲಿದ್ದ ಹಳೆಯ ನುಡಿ, ಬರಹ ಅಕ್ಷರಶೈಲಿಗಳ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸದೆ ತಂದರಂತೂ ಅರ್ಥವಿಲ್ಲದ ಚಿಹ್ನೆಗಳೇ ಮೂಡುತ್ತವೆ.

ಪರಿಹಾರ ಕಠಿಣವೇನಲ್ಲ. ಅಕ್ಷರವನ್ನಲ್ಲ, ಇಡೀ ಪದವನ್ನು ಚಲಿಸುವಂತೆ ಮಾಡಬೇಕು. ಇಲ್ಲವೇ ಪದವನ್ನು ಸ್ಥಿರವಾಗಿರಿಸಿ, ಅದರ ಮೇಲಿನ ಮರೆಯನ್ನು ಎಡದಿಂದ ಬಲಕ್ಕೆ ಸರಿಸಬೇಕು. ಕೆಳಗಿನ ಒತ್ತಕ್ಷರ ಕತ್ತರಿಸಿಹೋಗದಷ್ಟು ಆಳ ಆ ಮರೆಗಿರಬೇಕು. ಆಫ್ಟರ್ ಎಫೆಕ್ಟ್ಸ್ ಬಳಸುವವರು ಅದರ ಪಠ್ಯ ವ್ಯವಸ್ಥೆಯು ದಕ್ಷಿಣ ಏಷ್ಯಾದ ಲಿಪಿಗಳಿಗೆ ಹೊಂದಿಕೊಂಡಿದೆಯೇ ಎಂಬುದನ್ನು ಮೊದಲೇ ಪರೀಕ್ಷಿಸಿಕೊಳ್ಳುವುದು ಒಳಿತು.

ಯಕ್ಷಗಾನದ ನೆಲದವರಾದ ನಮಗೆ ಇದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ. ಒಡ್ಡೋಲಗದಲ್ಲಿ ವೇಷವು ತೆರೆಯ ಮರೆಯಿಂದ ಕ್ರಮವಾಗಿ ಪ್ರಕಟವಾಗುತ್ತದೆ, ಬಳಿಕ ರಂಗದಲ್ಲಿ ನಿಲ್ಲುತ್ತದೆ. ಪ್ರೇಕ್ಷಕ ಗುರುತಿಸಿದ ಮೇಲೆಯೇ ಕಥೆ ಮುಂದುವರಿಯುತ್ತದೆ. ಅಕ್ಷರವೂ ಬರಲಿ, ನಿಲ್ಲಲಿ, ಅನಂತರ ತೆರಳಲಿ. ದಿನಾಂಕ, ದರ, ದೂರವಾಣಿ ಸಂಖ್ಯೆಗಳು ನಿಧಾನವಾಗಿ ಎರಡು ಬಾರಿ ಓದಿಕೊಳ್ಳುವಷ್ಟು ಹೊತ್ತು ಪರದೆಯ ಮೇಲೆ ಅಲುಗಾಡದೆ ಇರಬೇಕು.

ಇನ್ನು ವೆಚ್ಚದ ಮಾತು. ಬ್ಲೆಂಡರ್ ತಂತ್ರಾಂಶವು 2002ರಿಂದಲೂ ಮುಕ್ತವಾಗಿ ಲಭ್ಯವಿದೆ. ಡಾವಿಂಚಿ ರಿಸಾಲ್ವ್‌ಗೆ ಉಚಿತ ಆವೃತ್ತಿಯಿದೆ. ಹೀಗಿರುವಾಗ ಕದ್ದ ಪ್ರತಿಗಳನ್ನು ಬಳಸುವ ಅಗತ್ಯವಾದರೂ ಏನು? ಅಕ್ರಮ ಪ್ರತಿಯೆಂದು ತಿಳಿದೂ ಗಣಕ ತಂತ್ರಾಂಶವನ್ನು ಬಳಸುವುದು 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಕಲಮಿನಂತೆ ಸೆರೆವಾಸ ಮತ್ತು ದಂಡಗಳಿಗೆ ಗುರಿಪಡಿಸುವ ಅಪರಾಧ. ಹೊರಗಿನವರಿಂದ ಮಾಡಿಸುವುದಾದರೆ ತೆರಿಗೆ ನಮೂದಿಸಿದ ಬಿಲ್ಲನ್ನು ಪಡೆಯಿರಿ. ಸಾಮಾನ್ಯ ಪದ್ಧತಿಯಲ್ಲಿ ಜಿಎಸ್‌ಟಿ ನೋಂದಣಿಯಾದವರು ತೆರಿಗೆಗೊಳಪಟ್ಟ ವ್ಯವಹಾರದ ಜಾಹೀರಾತಿಗೆ ತೆತ್ತ ತೆರಿಗೆಯನ್ನು ನಿಯಮಾನುಸಾರ ಜಮೆ ಪಡೆಯಬಹುದು. ರಾಜಿ ತೆರಿಗೆಯವರಿಗೆ ಆ ಅವಕಾಶವಿಲ್ಲ. ಸಿದ್ಧ ಚಿತ್ರದೊಡನೆ ಅದರ ಮೂಲ ಕಡತವನ್ನೂ ಕೊಡಬೇಕೆಂದು ಆದೇಶದಲ್ಲಿಯೇ ಬರೆಸಿರಿ. ಅದಿಲ್ಲವಾದರೆ ಮುಂದಿನ ವರ್ಷ ದಿನಾಂಕವೊಂದನ್ನು ಬದಲಿಸಲೂ ಪೂರ್ಣ ಹಣ ತೆರಬೇಕಾದೀತು.

ಬೆಂಗಳೂರಿನಿಂದ ಮಾಡಿಸಿದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ದೊಡ್ಡ ಸಂಸ್ಥೆಗಳಿಗೆ ಅದು ಸರಿಯಿರಬಹುದು. ಆದರೆ ಗಂಗೊಳ್ಳಿಯ ಮೀನು ವ್ಯಾಪಾರಿಗೆ, ಕೋಟದ ದಿನಸಿ ಅಂಗಡಿಗೆ ಬೆಳಿಗ್ಗೆ ಹೇಳಿ ಸಂಜೆಗೆ ದೊರೆಯುವ, ಕುಂದಾಪ್ರ ಕನ್ನಡದ ಸೊಗಡನ್ನೂ ಬಲ್ಲ ಕೈಗಳು ಹತ್ತಿರದಲ್ಲಿಯೇ ಬೇಕು. ಅಂತಹ ಕೈಗಳು ನಮ್ಮ ಕಾಲೇಜುಗಳಲ್ಲಿಯೇ ಇವೆ.

ಆದುದರಿಂದ ನಮ್ಮ ಸಂಘವು ಮೂರೂ ತಾಲೂಕು ಕೇಂದ್ರಗಳಲ್ಲಿ ವ್ಯಾಪಾರಿಗಳ ಮಕ್ಕಳಿಗೂ ಸಿಬ್ಬಂದಿಗೂ ಎರಡು ದಿನಗಳ ತರಬೇತಿಯನ್ನು ಏರ್ಪಡಿಸಬೇಕೆಂದು ವಿನಂತಿಸುತ್ತೇನೆ. ಒತ್ತಕ್ಷರ ಕೆಡದಂತೆ ಸಿದ್ಧಪಡಿಸಿದ ಕೆಲವು ಮಾದರಿಗಳನ್ನು ಸದಸ್ಯರೆಲ್ಲರಿಗೂ ಹಂಚುವುದು ಇನ್ನೂ ಉತ್ತಮ. ಅಲ್ಲಿಯವರೆಗೆ, ಹಣ ಪಾವತಿಸುವ ಮುನ್ನ ಜಾಹೀರಾತನ್ನು ಮನೆಯ ಹಿರಿಯರೊಬ್ಬರಿಗೆ ಒಮ್ಮೆ ತೋರಿಸಿ ನೋಡಿ. ಕೊನೆಯ ದಿನಾಂಕ ಯಾವುದೆಂದು ಅವರು ಹೇಳಿದರೆ ಮಾತ್ರ ಚೆಕ್ಕಿಗೆ ಸಹಿ ಹಾಕಿರಿ.